ಅಳೆದ ಮೇಲೆ ಬಯ್ಯುವುದು

ಹೂಟಗಳ್ಳಿಯ ನಮ್ಮ ಕಾರ್ಖಾನೆಯ ಹಿರಿಯ ಎಲೆಕ್ಟ್ರಿಷಿಯನ್, ಮೋಟಾರಿನ ಹತ್ತಿರ ಹೋಗುವ ಮುನ್ನ ಉಂಗುರ ಬಿಚ್ಚಿ ಜೇಬಿಗಿಡುತ್ತಿದ್ದರು. ನಾನು ಯಾರ ಮೇಲೆ ರೇಗಿದರೂ ಅವರದು ಒಂದೇ ಮಾತು: “ಅಳೆದ ಮೇಲೆ ಬಯ್ರಿ ಸಾರ್.”

ಒಮ್ಮೆ ಒಂದೇ ಮೋಟಾರಿನ ಬೇರಿಂಗ್ ಮೂರನೇ ಸಲ ಹೋಯಿತು. ಗ್ರೀಸ್ ಹಾಕಿಲ್ಲವೆಂದು ಫಿಟ್ಟರಿಗೆ ಮೆಮೊ ಬರೆಯತೊಡಗಿದೆ. ಎಲೆಕ್ಟ್ರಿಷಿಯನ್ ಹೊಸ ಬೇರಿಂಗ್ ಹಾಕಿಸಿ ಮೋಟಾರ್ ಓಡಿಸಿ, ಮೀಟರಿನ ತಂತಿಗೆ ಕಟ್ಟಿದ ಕಾರ್ಬನ್ ತುಂಡನ್ನು ತಿರುಗುವ ಶಾಫ್ಟಿಗೆ ತಾಗಿಸಿದರು. ಶಾಫ್ಟಿನಲ್ಲಿ ವೋಲ್ಟೇಜ್ ಏರಿ, ಕರೆಂಟು ಬೇರಿಂಗಿನ ಮೂಲಕ ಹರಿದು ಅದನ್ನು ಸುಡುತ್ತಿತ್ತು. ಆ ಕರೆಂಟನ್ನು ಭೂಮಿಗಿಳಿಸುವ ಕಾರ್ಬನ್ ಬ್ರಷ್ ಅಲ್ಲಿರಲೇ ಇಲ್ಲ.

“ಮೋಟಾರಿಗೆ ಪೇಂಟ್ ಹೊಡೆಯೋವಾಗ ಅದನ್ನ ಬಿಚ್ಚಿದೋನು ನಾನೇ. ವಾಪಸ್ ಹಾಕೋದು ಮರ್ತ್‌ಬುಟ್ಟೆ,” ಎಂದು ಮೀಟರನ್ನು ನನ್ನ ಕಡೆ ತಿರುಗಿಸಿದರು. “ಅಳೆದಾಯ್ತಲ್ಲ, ಈಗ ಬಯ್ರಿ ಸಾರ್.”

ಅವರು ನಿವೃತ್ತರಾಗಿ ವರ್ಷಗಳಾದವು. ಅರ್ಧ ಬರೆದ ಆ ಮೆಮೊ ಇನ್ನೂ ನನ್ನ ಡ್ರಾಯರಿನಲ್ಲಿದೆ.