ಮೂವತ್ತಾರು ಊರಿನ ಮುತ್ತಜ್ಜಂದಿರು, ಒಂದು ನಾಲಗೆ

ರಾಜೂರಿನ ಹಿರೇ ಓಣಿಯಲ್ಲಿ ಇನ್ನೂ ಮಬ್ಬು ಹರಿದಿಲ್ಲ. ಮನೆಮನೆಯಿಂದ ಬೀಸುವ ಕಲ್ಲಿನ ಸದ್ದು ಬರುತ್ತಿದೆ. ಅದರ ನಡುವೆ ಕಂಚಿನ ಗಂಟೆಯೊಂದು ಕೇಳುತ್ತದೆ, ಹಿಂದೆಯೇ ಎತ್ತಿನ ಗೊರಸಿನ ಸದ್ದು. ಎತ್ತಿನ ಮೇಲೆ ಕೂತವನು ಹೆಳವರ ಮುದಿಯಪ್ಪ. ವಯಸ್ಸು ಅರವತ್ತು ದಾಟಿದೆ. ಸೊಂಟದಿಂದ ಕೆಳಗೆ ಕರಿಕಂಬಳಿ ಸುತ್ತಿಕೊಂಡಿದ್ದಾನೆ. ಕಾಲುಗಳೇನೋ ಗಟ್ಟಿಯಾಗಿಯೇ ಇವೆ; ಆದರೆ ಕುಲದ ಮೂಲಪುರುಷ ನಡೆಯಲಾರದ ಹೆಳವನಾಗಿದ್ದನೆಂದು, ಮನೆತನದ ಬಳ್ಳಿ ಹೇಳುವಾಗ ಹೆಳವರು ನೆಲಕ್ಕೆ ಕಾಲಿಡುವುದಿಲ್ಲ.

ತೋಟಪ್ಪಗೌಡರ ಮನೆಯ ಮುಂದೆ ಎತ್ತು ತಾನಾಗಿಯೇ ನಿಲ್ಲುತ್ತದೆ. ಮುದಿಯಪ್ಪ ಗಂಟೆ ಬಾರಿಸಿ ಕೊರಳು ಸರಿಮಾಡಿಕೊಳ್ಳುತ್ತಾನೆ.

"ಮೂಲ ಪುರುಷ ಬಸಲಿಂಗಪ್ಪ, ಹಳ್ಳದ ದಂಡಿಗೆ ಬಂದು ಮೊದಲ ಗುಡಸಲಾ ಹಾಕಿದವ! ಅವನ ಹೊಟ್ಟೀಲೆ ಮೂರು ಮಂದಿ. ಹಿರ್ಯಾ ಕಲ್ಲಪ್ಪ..."

ಬಾಗಿಲು ಅರ್ಧ ತೆರೆಯುತ್ತದೆ. ತೋಟಪ್ಪಗೌಡರು ಒಂದು ಕೈಯಲ್ಲಿ ಕದ ಹಿಡಿದುಕೊಂಡೇ ಓಣಿಯ ಆಚೆ ಈಚೆ ನೋಡುತ್ತಾರೆ.

"ಹೆಳವಪ್ಪಾ, ಜ್ವಾಳಾ ಎಷ್ಟ ಬೇಕೋ ಅಷ್ಟ ತುಂಬಿಕೊಂಡು ಹೋಗು. ಹೆಸರು ಮಾತ್ರ ಒದರಬ್ಯಾಡ."

"ಹೆಸರು ಹೇಳಲಾರದ ಜ್ವಾಳಾ ತಗೊಂಡ್ರ ಅದು ಭಿಕ್ಷಾ ಆಕ್ಕೈತ್ರಿ ಗೌಡ್ರ. ನಮ್ಮಪ್ಪ ನನಗ ಬೇಡಾಕ ಕಲಿಸಿಲ್ಲ."

"ಕಲಿಸಿಲ್ಲಂದ್ರ ಉಪಾಸ ಸಾಯಿ," ಎಂದು ಗೌಡರು ಕದ ಹಾಕಿಕೊಳ್ಳುತ್ತಾರೆ.

ಮುದಿಯಪ್ಪ ಎತ್ತನ್ನು ಮುಂದಿನ ಮನೆಗೆ ತಿರುಗಿಸುತ್ತಾನೆ. ಈ ಓಣಿಯಲ್ಲಿ ಅವನು ಬಳ್ಳಿ ಹೇಳುವ ಒಕ್ಕಲು ಹನ್ನೊಂದು ಮನೆ. ಹೊತ್ತೇರುವ ಹೊತ್ತಿಗೆ ಎರಡು ಮನೆಯವರು ಪೂರ್ತಿ ಕೇಳಿದ್ದಾರೆ. ಒಬ್ಬ ಮುದುಕಿ ಅರ್ಧ ಕೇಳಿ, ಸೊಸೆ ಗದರಿಸಿದ್ದಕ್ಕೆ ಒಳಗೆ ಹೋಗಿದ್ದಾಳೆ. ಗೌಡರದನ್ನು ಬಿಟ್ಟರೆ ಉಳಿದ ಏಳು ಬಾಗಿಲು ತೆರೆದುಕೊಳ್ಳಲೇ ಇಲ್ಲ.

ನರಗುಂದದ ಕೋಟೆ ಬಿದ್ದು ಎಂಟು ತಿಂಗಳಾಗಿದೆ. ಯಾರ ಮನೆಯವರು ಕೋಟೆಯೊಳಗಿದ್ದರು, ಯಾರ ಅಳಿಯ, ಯಾರ ದಾಯಾದಿ ದಂಗೆಗೆ ಸೇರಿದ್ದರು ಎಂದು ಸರಕಾರದವರು ಊರೂರಲ್ಲಿ ಕೇಳುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಎತ್ತಿನ ಮೇಲೆ ಕೂತು, ಇಡೀ ಓಣಿಗೆ ಕೇಳುವಂತೆ ನೆಂಟಸ್ತಿಕೆ ಬಿಡಿಸಿ ಹೇಳುವವನನ್ನು ಯಾರು ಬಾ ಎಂದಾರು? ಮೂರು ವರ್ಷಕ್ಕೊಮ್ಮೆ ಬರುವ ಹೆಳವನಿಗೆ ಆರತಿ ಎತ್ತುತ್ತಿದ್ದ ಕೈಗಳೇ ಈಗ ಅಗಳಿ ಹಾಕುತ್ತಿವೆ.

ರೋಣ, ನರಗುಂದ, ಗಜೇಂದ್ರಗಡದ ಸುತ್ತ ಮುದಿಯಪ್ಪನಿಗೆ ಸೇರಿದ ಊರು ಮೂವತ್ತಾರು. ಮನೆ ನಾನೂರಕ್ಕೆ ಎಂಟು ಕಡಿಮೆ. ಒಂದೊಂದು ಮನೆಗೂ ಐದಾರು ತಲೆಮಾರು, ಕೆಲವಕ್ಕೆ ಹನ್ನೆರಡು. ಯಾರು ಎಲ್ಲಿಂದ ಬಂದರು, ಯಾರು ಬಾವಿ ತೋಡಿಸಿದರು, ಯಾರು ಹುಲಿ ಬಾಯಿಗೆ ಸಿಕ್ಕು ಸತ್ತರು, ಯಾವ ಹೆಣ್ಣು ಯಾವ ಊರಿಗೆ ಹೋದಳು, ಎಲ್ಲ ಅವನ ನಾಲಗೆಯ ಮೇಲಿದೆ. ಮಳೆ ನಿಂತು ಜೋಳ ತೆನೆ ಹಿರಿಯುವ ಹೊತ್ತಿಗೆ ಹೊರಟರೆ, ದಿನಕ್ಕೆ ನಾಲ್ಕೈದು ಮನೆಯಂತೆ ಮುಂಗಾರಿನ ತನಕ ತಿರುಗಾಟ. ಒಂದು ಮನೆಯ ಬಳ್ಳಿ ಹೇಳಿ ಮುಗಿಸಲು ಒಂದು ಬುಟ್ಟಿ ರೊಟ್ಟಿ ಬಡಿಯುವಷ್ಟು ಹೊತ್ತು ಬೇಕು. ನಡುವೆ ಒಂದು ಹೆಸರು ತಪ್ಪಿದರೂ ಮೊದಲಿನಿಂದ ಹೇಳಬೇಕು. ಅವನ ಅಪ್ಪ ಹಾಗೆ ಕಲಿಸಿದ್ದು.

"ಅಪ್ಪ ನನ್ನ ಎತ್ತಿನ ಹಿಂದ ನಡಿಸಿಕೊಂಡು ಹೋಗ್ತಿದ್ದ. ಒಂದು ಹೆಸರು ತಪ್ಪಿದ್ರ ಬಾರಕೋಲಿಲೆ ಒಂದು ಏಟು. ಈ ಬೆನ್ನ ಮ್ಯಾಲೆ ಊರಿಗೊಂದು ಗೆರಿ ಅದಾವ್ರಿ," ಎನ್ನುತ್ತಾನೆ ಮುದಿಯಪ್ಪ. ನಗುವುದಿಲ್ಲ.

ಅವನ ಮಗ ಗವಿಸಿದ್ದಪ್ಪನೂ ಅರ್ಧ ಊರು ಕಲಿತಿದ್ದ. ಎರಡು ವರ್ಷದ ಹಿಂದೆ ಗಂಟೆ ಕೆಳಗಿಟ್ಟು ಗಜೇಂದ್ರಗಡದಲ್ಲಿ ಸೀರೆ ನೇಯುವವರ ಮನೆ ಸೇರಿದ. ಹೊರಡುವಾಗ ಆಡಿದ ಮಾತನ್ನು ಮುದಿಯಪ್ಪ ಹೆಸರಿನಷ್ಟೇ ಚೊಕ್ಕವಾಗಿ ನೆನಪಿಟ್ಟಿದ್ದಾನೆ: "ಸತ್ತವರ ಹೆಸರು ಹೇಳಿ, ಇದ್ದವರ ಕಡಿಂದ ಬೈಸಿಕೊಳ್ಳೋದಕಿಂತ ಲಾಳಿ ಒಗಿಯೋದು ಚಲೋ."

ಆ ಬೈಗುಳ ಶುರುವಾದದ್ದು ಕೋಟೆ ಬಿದ್ದ ಮೇಲಲ್ಲ. ಅದಕ್ಕೂ ಮೂರು ವರ್ಷ ಮೊದಲು, ಚಿಕ್ಕನರಗುಂದದಲ್ಲಿ.

ಆ ವರ್ಷ ಇನಾಮು ಹೊಲಗಳ ತಪಾಸಣೆಗೆಂದು ಕಂಪನಿ ಸರಕಾರದ ಡೇರೆ ಬಂದಿತ್ತು. ಹೊಲ ಕೊಟ್ಟವರ್ಯಾರು, ಪಡೆದವರ್ಯಾರು, ಈಗ ಉಳುವವನು ಪಡೆದವನ ರಕ್ತವೇ ಎಂದು ತೋರಿಸಬೇಕು. ಎಷ್ಟೋ ಮನೆಗಳ ಕಾಗದವನ್ನು ಗೆದ್ದಲು ತಿಂದಿತ್ತು. ಜನ ಮುದಿಯಪ್ಪನನ್ನು ಕರೆದರು. ಅವನು ಎತ್ತಿನೊಂದಿಗೆ ಡೇರೆಯಿಂದ ಡೇರೆಗೆ ಹೋಗಿ ಹದಿನಾಲ್ಕು ಮನೆಗಳ ಬಳ್ಳಿ ಹೇಳಿದ. ಹದಿನಾಲ್ಕು ಸಲವೂ ಕಾರಕೂನ ಲೇಖನಿ ಕೆಳಗಿಟ್ಟು ಒಂದೇ ಮಾತು ಹೇಳಿದ: "ಬಾಯಿಮಾತು ಸಾಕ್ಷಿ ಅಲ್ಲ. ಕಾಗದ ತೋರಿಸ್ರಿ."

ಹದಿನೈದನೆಯ ಮನೆ ಸಿದ್ದಲಿಂಗವ್ವನದು. ಗಂಡ ಅಡಿವೆಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಒಬ್ಬನೇ ಮಗ ಹೂವಪ್ಪ, ಹತ್ತೊಂಬತ್ತರವನು, ಹೆಣ್ಣು ಗೊತ್ತಾಗಿತ್ತು. ಗಂಡನ ಹಿರಿಯನೊಬ್ಬ ಊರಿಗೆ ಬಾವಿ ತೋಡಿಸಿದ್ದಕ್ಕೆ ಹಳೆಯ ದೇಸಾಯಿ ಕೊಟ್ಟ ಎರಡು ಕೂರಿಗೆ ಅಳತೆಯ ಎರೆಹೊಲವೇ ಆ ಮನೆಯ ಅನ್ನ. ಡೇರೆಗೆ ಹೋಗುವ ಹಿಂದಿನ ಮಧ್ಯಾಹ್ನ ಸಿದ್ದಲಿಂಗವ್ವ ಮುದಿಯಪ್ಪನ ಗುಡಾರಕ್ಕೆ ಬಂದಳು.

"ಹೆಳವಪ್ಪಾ, ನಮ್ಮ ಮಾವ ನಿಂಗಪ್ಪ ಹೊಟ್ಟ್ಯಾಗ ಹುಟ್ಟಿದವನಲ್ಲ, ದತ್ತಕ ಬಂದವ. ಅದು ನಿಮಗ ಗೊತ್ತು, ನನಗ ಗೊತ್ತು. ದತ್ತಕ ಅಂದ್ರ ಹೊಲಾ ಕಸಗೋತಾರಂತ. ಆ ಒಂದು ಮಾತು ಬಿಟ್ಟು ಹೇಳ್ರಿ."

"ಯವ್ವಾ, ಒಂದು ಮಾತು ಬಿಟ್ರ ಬಳ್ಳಿ ಅಲ್ಲೇ ಕಡೀತು. ಆಮ್ಯಾಲೆ ನಾ ಹೇಳಿದ್ದು ಯಾವುದೂ ಖರೇ ಉಳಿಯಂಗಿಲ್ಲ."

"ಯಾರಿಗಿ ಬೇಕಾಗೈತಿ ನಿಮ್ಮ ಖರೇ?" ಎಂದು ಸಿದ್ದಲಿಂಗವ್ವ ಅವನ ಕಾಲು ಹಿಡಿದಳು. ಕಂಬಳಿಯ ಮೇಲೆ ಅವಳ ಹಣೆ ತಾಗಿದ ಬಿಸಿ ಇನ್ನೂ ಆರಿಲ್ಲ ಎನ್ನುತ್ತಾನೆ ಮುದಿಯಪ್ಪ.

ಅವನಿಗೆ ಒಳಗೊಂದು ಧೈರ್ಯವೂ ಇತ್ತು. ಹದಿನಾಲ್ಕು ಸಲ ಬೇಡವಾದ ಬಾಯಿಮಾತು ಹದಿನೈದನೆಯ ಸಲವೂ ಬೇಡವಾಗುತ್ತದೆ. ತಾನು ಏನು ಹೇಳಿದರೂ ಯಾರೂ ಬರೆದುಕೊಳ್ಳುವುದಿಲ್ಲ. ಹಾಗೆಂದುಕೊಂಡೇ ಡೇರೆಯ ಮುಂದೆ ಎತ್ತಿನ ಮೇಲೆ ಕೂತು ಹೇಳಿದ. "ಬಾವಿ ತೋಡಿಸಿದ ರಾಯಪ್ಪ. ರಾಯಪ್ಪನ ಮಗ ಮಲ್ಲಪ್ಪ. ಮಲ್ಲಪ್ಪಗ ಮಕ್ಕಳಿಲ್ಲ, ನಿಂಗಪ್ಪನ್ನ ದತ್ತಕ ತಂದ..."

ಕಾರಕೂನ ತಲೆಯೆತ್ತಿದ. "ಏನಂದಿ? ಇನ್ನೊಮ್ಮಿ ಹೇಳು."

ಮುದಿಯಪ್ಪ ಇನ್ನೊಮ್ಮೆ ಹೇಳಿದ. ಲೇಖನಿ ಕಾಗದದ ಮೇಲೆ ಓಡಿತು. ಹೂವಪ್ಪ ಅಲ್ಲಿಯೇ ನಿಂತಿದ್ದ. ಅವನು ತಲೆ ತಗ್ಗಿಸಿದ್ದನ್ನು ಮುದಿಯಪ್ಪ ಎತ್ತಿನ ಮೇಲಿಂದ ಕಂಡ. ಆ ಸುಗ್ಗಿ ಮುಗಿಯುವ ಮೊದಲೇ ಎರಡು ಕೂರಿಗೆ ಹೊಲ ಖಾಲಸಾ ಆಗಿ, ಸರಕಾರದ ವಶವಾಗಿ, ಬೇರೊಬ್ಬರ ಕೈ ಸೇರಿತು.

"ಹದಿನಾಕು ಮನಿಗಿ ಹೊಲಾ ಉಳಸಾಕ ನನ್ನ ಮಾತು ಸಾಕಾಗಲಿಲ್ಲ. ಒಂದು ಮನೀದು ಕಸಗೊಳ್ಳಾಕ ಸಾಕಾತು," ಎನ್ನುತ್ತಾನೆ ಮುದಿಯಪ್ಪ. "ಅವತ್ತ ತಿಳೀತು ನೋಡ್ರಿ, ಖರೇ ಅನ್ನೋದಕ್ಕೂ ಧಣಿ ಇರ್ತಾನಂತ."

ಗೊತ್ತಾಗಿದ್ದ ಮದುವೆ ಮುರಿಯಿತು. ಹೂವಪ್ಪ ನರಗುಂದಕ್ಕೆ ಹೋಗಿ ಕೋಟೆಯ ಕಾವಲಿಗೆ ಸೇರಿದ. ಅಲ್ಲಿಯ ದೊರೆಗೂ ಹೊಟ್ಟೆಯ ಮಗನಿರಲಿಲ್ಲ, ದತ್ತಕಕ್ಕೆ ಸರಕಾರ ಒಪ್ಪಿರಲಿಲ್ಲ. ದೊರೆ ದಂಗೆ ಎದ್ದ; ಮುಂದೆ ಆದದ್ದು ಈ ಸೀಮೆಗೆಲ್ಲ ಗೊತ್ತು. ಹೋದ ಮುಂಗಾರಿನಲ್ಲಿ ಕಂಪನಿಯ ಪಲ್ಟನ್ನು ಬಂದ ದಿನ ಹೂವಪ್ಪ ಗುಡ್ಡದ ಬುಡದಲ್ಲಿ ಸತ್ತ. ಅವನ ಹೆಣವೂ ತಾಯಿಗೆ ಸಿಗಲಿಲ್ಲ. ಮನೆ ಮಾರಿ ಹೋಗಿ, ಸಿದ್ದಲಿಂಗವ್ವ ಅದೇ ಊರಿನಲ್ಲಿ ಅಣ್ಣ ಅಜ್ಜಪ್ಪನ ಹಿತ್ತಿಲಿನ ಛಪ್ಪರದಲ್ಲಿ ಬಿದ್ದುಕೊಂಡಿದ್ದಾಳೆ. "ಮನಿಮುರುಕ ನಾಲಗಿ" ಎಂಬ ಹೆಸರು ಮುದಿಯಪ್ಪನಿಗಿಂತ ಮೊದಲು ಊರು ಮುಟ್ಟುತ್ತದೆ.

ಹಾಗಿದ್ದೂ ರಾಜೂರು ಬಿಟ್ಟ ಆರನೆಯ ದಿನ ಮುದಿಯಪ್ಪ ಚಿಕ್ಕನರಗುಂದಕ್ಕೆ ಬರುತ್ತಾನೆ. ಮನೆತನದಲ್ಲಿ ಸಾವಾದರೆ ಆ ಹೆಸರನ್ನು ಬಳ್ಳಿಗೆ ಕೂಡಿಸಿ, ಆ ಮನೆಯವರ ಎದುರಿಗೇ ಹೇಳಬೇಕು. ಅದು ಹೆಳವನ ಕರ್ತವ್ಯ. ಹೆಂಡತಿ ಚೌಡವ್ವ ಬೇಡವೆಂದಿದ್ದಾಳೆ. "ಆಕಿ ಮೈಮ್ಯಾಲೆ ಕೆಂಡಾ ಸುರಿಯಾಕ ಹೊಂಟೀರೇನು?" ಎಂದು ಎತ್ತಿನ ಹಗ್ಗ ಹಿಡಿದು ನಿಂತಿದ್ದಾಳೆ. ಅವನು ಹಗ್ಗ ಬಿಡಿಸಿಕೊಂಡು ಬಂದಿದ್ದಾನೆ.

ಅಜ್ಜಪ್ಪ ಅಂಗಳದಲ್ಲಿಯೇ ಅಡ್ಡ ಬರುತ್ತಾನೆ. ದನಿ ಮೆತ್ತಗಿದೆ, ಕಣ್ಣು ಮೆತ್ತಗಿಲ್ಲ.

"ಹೆಳವಪ್ಪಾ, ಹೂವಪ್ಪನ ಹೆಸರು ನನ್ನ ಅಂಗಳದಾಗ ಬ್ಯಾಡ. ಹೇಳಾಕಬೇಕಂದ್ರ ಸಣ್ಣಾಂವ ಇದ್ದಾಗ ಸಿಡುಬಿನ್ಯಾಗ ಸತ್ತ ಅಂತ ಹೇಳು. ನನಗೂ ಮಕ್ಕಳು ಮರಿ ಅದಾವು."

ಛಪ್ಪರದಿಂದ ಸಿದ್ದಲಿಂಗವ್ವ ಹೊರಗೆ ಬರುತ್ತಾಳೆ. ಕೈಗೆ ಹಿಟ್ಟು ಮೆತ್ತಿದೆ. ನಾಲ್ಕು ವರ್ಷದಲ್ಲಿ ಹತ್ತು ವರ್ಷ ಮುಪ್ಪಾಗಿದ್ದಾಳೆ.

"ಅಂದು ಒಂದು ಮಾತು ಬಿಡ್ರಿ ಅಂತ ನಾ ಕಾಲು ಬಿದ್ದೆ," ಎನ್ನುತ್ತಾಳೆ. "ನನ್ನ ಸಲವಾಗಿ ಬಿಡಲಿಲ್ಲ. ನಮ್ಮಣ್ಣನ ಸಲವಾಗಿ ಬಿಡ್ತೀರೇನು?"

ಮುದಿಯಪ್ಪನ ಕೈ ಗಂಟೆಯ ಮೇಲೆ ಹೋಗುತ್ತದೆ. ಆಮೇಲೆ ಇಡೀ ಓಣಿಗೆ ಕೇಳುವಂತೆ ಹೇಳುತ್ತಾನೆ.

"ಬಾವಿ ತೋಡಿಸಿದ ರಾಯಪ್ಪ! ರಾಯಪ್ಪನ ಮಗ ಮಲ್ಲಪ್ಪ. ಮಲ್ಲಪ್ಪನ ದತ್ತಕ ನಿಂಗಪ್ಪ. ನಿಂಗಪ್ಪನ ಮಗ ಅಡಿವೆಪ್ಪ, ಅವನ ಹೇಣ್ತಿ ಸಿದ್ದಲಿಂಗವ್ವ. ಅವರ ಹೊಟ್ಟೀಲೆ ಒಬ್ಬನೇ ಮಗ ಹೂವಪ್ಪ. ಹೂವಪ್ಪನ ಹೊಲಾ ಹೋತು. ಅದನ್ನ ಕಳದವ ಹೆಳವರ ಮುದಿಯಪ್ಪ, ತನ್ನ ಬಾಯಿಲೆ. ಹೂವಪ್ಪ ನರಗುಂದದ ಗುಡ್ಡದ ಬುಡಕ ಕಾದಾಡಿ ಸತ್ತ. ಬಳ್ಳಿ ಇಲ್ಲಿಗಿ ಮುಗೀತು!"

ಓಣಿಯ ಕದಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಅಜ್ಜಪ್ಪ ಎತ್ತಿನ ಮೂಗುದಾರ ಹಿಡಿದು ಅಂಗಳದಿಂದ ಹೊರಗೆ ಎಳೆಯುತ್ತಾನೆ. ಸಿದ್ದಲಿಂಗವ್ವ ಅಳುವುದಿಲ್ಲ. ಎತ್ತಿನ ಹಿಂದೆ ನಾಲ್ಕು ಹೆಜ್ಜೆ ಬಂದು ನಿಲ್ಲುತ್ತಾಳೆ.

"ನಿಮ್ಮ ಹೆಸರು ನೀವ ಹೇಳಿಕೊಂಡ್ರಿ. ಹಂಗಂತ ಸರಿ ಆತು ಅನ್ಕೋಬ್ಯಾಡ್ರಿ. ಸರಿ ಆಗಿಲ್ಲ."

"ಹೌದವ್ವಾ. ಸರಿ ಆಗಂಗಿಲ್ಲ."

"ಇನ್ನ ಬರಬ್ಯಾಡ್ರಿ."

ಅವಳು ಜೋಳ ನೀಡುವುದಿಲ್ಲ. ಅವನು ಕಾಯುವುದೂ ಇಲ್ಲ. ಮರುದಿನ ಊರ ಹಿರಿಯರು ಆಳು ಕಳಿಸಿ ಹೇಳಿಸುತ್ತಾರೆ, ಹೆಳವನ ಎತ್ತು ಇನ್ನು ಈ ಊರ ಅಗಸಿಬಾಗಿಲು ದಾಟಬಾರದೆಂದು. ಮೂವತ್ತಾರರಲ್ಲಿ ಮೂವತ್ತೈದು ಉಳಿಯಿತು. ಆ ಮೂವತ್ತೈದರಲ್ಲಿಯೂ ಎಷ್ಟು ಬಾಗಿಲು ತೆರೆದಾವೋ ಮುದಿಯಪ್ಪನಿಗೆ ಗೊತ್ತಿಲ್ಲ.

ಊರ ಹೊರಗಿನ ಹುಣಸೆಯ ನೆರಳಲ್ಲಿ ಗುಡಾರ. ಮಧ್ಯಾಹ್ನದ ಬಿಸಿಲಿಗೆ ಎತ್ತು ಮಲಗಿದೆ. ಚೌಡವ್ವ ಕೌದಿ ಹೊಲಿಯುತ್ತಾ ಕೂತಿದ್ದಾಳೆ. ಬಳ್ಳಿ ಹೇಳುವುದು ಹೆಂಗಸರ ಕೆಲಸವಲ್ಲ, ಇವರ ಕುಲದಲ್ಲಿ ಹಿಂದೆ ಯಾರೂ ಹೇಳಿಲ್ಲ. ಮಗ ಲಾಳಿ ಹಿಡಿದ ಮೇಲೆ ಮುದಿಯಪ್ಪ ಅವಳಿಗೇ ಕಲಿಸುತ್ತಿದ್ದಾನೆ. ನಲವತ್ತು ವರ್ಷ ಗುಡಾರದಲ್ಲಿ ಕೇಳಿ ಕೇಳಿ ಅರ್ಧ ಅವಳಿಗೆ ಬರುತ್ತದೆ. ಮುಗಿದ ಬಳ್ಳಿಯನ್ನು ಹೆಳವರು ಮತ್ತೆ ಹೇಳುವ ವಾಡಿಕೆಯೂ ಇಲ್ಲ. ಹೂವಪ್ಪನ ಮನೆಯ ಇದೊಂದನ್ನು ಮಾತ್ರ ಮುದಿಯಪ್ಪ ಬಿಡಲು ತಯಾರಿಲ್ಲ.

"ನಾ ಸತ್ತ ಮ್ಯಾಲೆ ಯಾರರೆ ಇದನ್ನ ಪೂರ್ತಿ ಹೇಳಬೇಕು," ಎನ್ನುತ್ತಾನೆ. "ಬ್ಯಾರೆ ಏನೂ ಬ್ಯಾಡ ನನಗ."

ಚೌಡವ್ವ ಸೂಜಿ ನಿಲ್ಲಿಸಿ ರಾಯಪ್ಪನಿಂದ ಶುರುಮಾಡುತ್ತಾಳೆ. ಮಲ್ಲಪ್ಪ, ನಿಂಗಪ್ಪ, ಅಡಿವೆಪ್ಪ, ಹೂವಪ್ಪ. ಹೊಲ ಹೋದ ತನಕ ಬಂದು ನಿಲ್ಲುತ್ತಾಳೆ. ಮುಂದೆ ಬರುವ ಹೆಸರು ಕೈಹಿಡಿದಂದಿನಿಂದ ಅವಳ ಬಾಯಲ್ಲಿ ಬಂದಿಲ್ಲ.

"ಗಂಡನ ಹೆಸರು ಹ್ಯಾಂಗ ಹೇಳಲಿ?"

"ಗಂಡನ ಹೆಸರು ಹೇಳಬ್ಯಾಡ," ಎನ್ನುತ್ತಾನೆ ಮುದಿಯಪ್ಪ. "ಹೊಲಾ ಕಳದವನ ಹೆಸರು ಹೇಳು."

ಅವಳು ಸೂಜಿಯನ್ನು ಕೌದಿಗೆ ಚುಚ್ಚಿಡುತ್ತಾಳೆ. ಆಮೇಲೆ ತುಟಿಯಷ್ಟೇ ಅಲುಗಿಸಿ, ತನಗೂ ಕೇಳಿಸದಷ್ಟು ಸಣ್ಣಗೆ, ಆ ಹೆಸರನ್ನು ಹೇಳುತ್ತಾಳೆ.

"ಜೋರಿಲೆ," ಎನ್ನುತ್ತಾನೆ ಮುದಿಯಪ್ಪ. "ಓಣಿಗೆಲ್ಲಾ ಕೇಳಬೇಕು."