ಕಾರಿಡಾರ್ ಕೊನೆಯ ಆಲ್ಬೇನಿಯಾ

ಮೊಣಕೈವರೆಗೆ ಮೈದಾ ಮೆತ್ತಿದ ಎರಡು ಕೈಗಳು. ಎಡಗೈ ಮಣಿಕಟ್ಟಿನ ಮೇಲೆ ಓವನ್ನಿನ ಅಂಚು ತಾಗಿ ಸುಟ್ಟ ಉದ್ದನೆಯ ಕಲೆ. ಬಾಗಿಲು ತೆರೆದವರ ಮುಖಕ್ಕಿಂತ ಮೊದಲು ನನಗೆ ಕಂಡದ್ದು ಅವೇ. ತಲೆಯೆತ್ತಿ ನೋಡಿದರೆ ಹಸಿರುಗಣ್ಣಿನ, ಐವತ್ತರ ಆಸುಪಾಸಿನ ಬಿಳಿಯ ಹೆಂಗಸು. ನಾನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ.

ನಾನು ಹುಡುಕಿಕೊಂಡು ಹೋದದ್ದು ಕನ್ನಡದವರ ಮನೆಯನ್ನು. ಸಿಂಗಪುರದ ಸಿಮೇ ಬಡಾವಣೆಯ ಆ ಬ್ಲಾಕಿಗೆ ಬಂದು ಒಂದು ವಾರವೂ ಆಗಿರಲಿಲ್ಲ. ಶನಿವಾರ ಬೆಳಿಗ್ಗೆ ಕಾರಿಡಾರಿನ ತುಂಬ ಸಬ್ಬಸಿಗೆ ಸೊಪ್ಪಿನ ಘಮ. "ರೀ, ಪಕ್ಕದಲ್ಲಿ ಯಾರೋ ನಮ್ಮೋರಿದಾರೆ" ಎಂದು ಗಂಡನಿಗೆ ಹೇಳಿ, ಚಪ್ಪಲಿಯನ್ನೂ ಮೆಟ್ಟದೆ ಕೊನೆಯ ಮನೆಯ ಬಾಗಿಲು ತಟ್ಟಿದ್ದೆ.

"ಸಾರಿ... ಸ್ಮೆಲ್ ಬಂತು..." ಎಂದು ತೊದಲಿದೆ.

"ಹಸಿವಾ?" ಎಂದರು. ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಕುರ್ಚಿ ಎಳೆದರು.

ನಮ್ಮಿಬ್ಬರ ನಡುವೆ ಇದ್ದದ್ದು ಇಂಗ್ಲಿಷೇ, ಅದೂ ಅವರದು ಅರೆಬರೆ. ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ. ಎಲ್ಲರಂತೆ ನಾನೂ ಅವರನ್ನು ಆಂಟಿ ಎಂದೆ. ಆಲ್ಬೇನಿಯಾದವರು. ಹಡಗಿನಲ್ಲಿ ಎಂಜಿನಿಯರ್ ಆಗಿದ್ದ ಸಿಂಗಪುರದ ಚೀನೀ ಅಂಕಲ್ ಅವರ ಊರಿನ ಬಂದರಿಗೆ ಬಂದಿದ್ದಾಗ ಪರಿಚಯವಾಗಿ, ಮದುವೆಯಾಗಿ ಇಲ್ಲಿಗೆ ಬಂದವರು. ಮಕ್ಕಳಿಲ್ಲ.

ಆ ದಿನ ಅವರು ಮಾಡುತ್ತಿದ್ದುದು ಬ್ಯೂರೆಕ್. ಮೈದಾಹಿಟ್ಟನ್ನು ಮಾರುದ್ದದ ಕೋಲಿನಂಥ ಲಟ್ಟಣಿಗೆಯಲ್ಲಿ ಲಟ್ಟಿಸಿ, ಹಾಳೆಗಳನ್ನು ಚಿರೋಟಿಯ ಪದರಿನ ಹಾಗೆ ಒಂದರ ಮೇಲೊಂದು ಹಾಸಿ, ನಡುವೆ ಪಾಲಕ್, ಸಬ್ಬಸಿಗೆ, ಉಪ್ಪಿನ ಬಿಳಿ ಚೀಸ್ ತುಂಬಿ ಓವನ್ನಿನಲ್ಲಿ ಬೇಯಿಸುವ ತಿಂಡಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಆಚೆ ಬದಿಯ ಎಂಆರ್‌ಟಿ ರೈಲುಹಳಿಯ ಕಂಬ ಕಾಣದಿದ್ದರೆ ಮತ್ತೆ ಉಂಡೆ ಮಾಡಿ ಲಟ್ಟಿಸುವರು. ನಾನು ಮೊಟ್ಟೆ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ತಟ್ಟೆಯಲ್ಲಿ ಮೊಟ್ಟೆ ಹಾಕದ ಒಂದು ಮೂಲೆ ನನ್ನ ಪಾಲಾಯಿತು. ಅಲ್ಲಿ ಹಿಟ್ಟಿನ ಒಂದು ಚೂರು ಅಂಟಿಸಿ ಗುರುತು ಮಾಡಿರುತ್ತಿದ್ದರು.

ಅವರ ಪ್ರತಿ ಮಾತೂ ಅಮ್ಮನಿಂದಲೇ ಶುರು. "ಅಮ್ಮ ನಿನ್ನೆ ಫೋನಲ್ಲಿ ಹೇಳಿದ್ಲು, ಮೊಸರು ಹುಳಿಯಾಗಿದ್ರೆ ಸ್ವಲ್ಪ ಹಾಲು ಹಾಕು ಅಂತ." "ಅಮ್ಮಂಗೆ ಮಂಡಿ ನೋವಂತೆ, ಮೆಣಸಿನಕಾಯಿ ಉಪ್ಪಿನಕಾಯಿ ಹಾಕೋಕೆ ಈ ಸಲ ಆಗ್ಲಿಲ್ವಂತೆ." ನಾಲ್ಕು ವರ್ಷ ಕೇಳಿ ಕೇಳಿ ಆ ಅಜ್ಜಿ ನನಗೂ ಬೇಕಾದವರಾಗಿದ್ದರು. ನನ್ನ ಮಗಳಿಗೆ ಜ್ವರ ಬಂದು ನಾನು ಆಫೀಸು ಬಿಟ್ಟು ಮನೆಯಲ್ಲಿ ಕೂತಾಗ, ಆಂಟಿ ನಿಂಬೆರಸ ಹಿಂಡಿದ ಅನ್ನದ ಗಂಜಿ ತಂದು ಮಗುವಿನ ಪಕ್ಕದಲ್ಲೇ ಕೂತಿದ್ದರು. "ಇದೂ ಅಮ್ಮಂದೇ" ಎಂದಿದ್ದರು.

ಒಂದು ಸಂಜೆ ಲಿಫ್ಟಿನಲ್ಲಿ ಅಂಕಲ್ ಸಿಕ್ಕರು. "ಆಂಟಿ ಅಮ್ಮನ ಮಂಡಿ ಈಗ ಹೇಗಿದೆ?" ಎಂದೆ.

ಅಂಕಲ್ ನನ್ನನ್ನೇ ದಿಟ್ಟಿಸಿದರು. "ಯಾವ ಅಮ್ಮ? ನನ್ನ ಮದುವೆ ಆದ್ಲು ಅಂತ ಅವರಪ್ಪ ಮನೆಯಿಂದಲೇ ಹೊರಗೆ ಹಾಕಿದ್ರು. ಬರೆದ ಕಾಗದಗಳೆಲ್ಲ ವಾಪಸ್ ಬಂದ್ವು. ಇಪ್ಪತ್ತೆರಡು ವರ್ಷದಿಂದ ಅಲ್ಲಿಂದ ಒಂದು ಫೋನ್ ಬಂದಿಲ್ಲ."

ಲಿಫ್ಟು ನಮ್ಮ ಮಹಡಿಯಲ್ಲಿ ನಿಂತು, ಬಾಗಿಲು ತೆರೆದು, ಮತ್ತೆ ಮುಚ್ಚಿಕೊಂಡಿತು. ನಾನು ಇಳಿಯಲಿಲ್ಲ. ನಾಲ್ಕು ವರ್ಷದ ಅಷ್ಟೂ ಮಾತು ಕಟ್ಟುಕತೆಯೇ? ಮೊದಲು ಮೋಸ ಹೋದೆನೆಂಬ ಸಿಟ್ಟು ಬಂತು. ಎರಡು ಶನಿವಾರ ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ಶನಿವಾರ ಅವರೇ ತಟ್ಟೆ ಹಿಡಿದು ಬಂದರು. ಅಂಕಲ್ ಎಲ್ಲ ಹೇಳಿದ್ದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಅಮ್ಮನ ಹತ್ರ ಮಾತಿಲ್ಲ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಆಮೇಲೆ ಅವಳ ವಿಷಯಾನೇ ಎತ್ತಲ್ಲ" ಎಂದರು. "ನೀನು ವಾರ ವಾರ ಕೇಳ್ತಿದ್ದೆ. ಕೇಳ್ಲಿ ಅಂತಾನೇ ಹೇಳ್ತಿದ್ದೆ."

ಆಮೇಲೆ ಫೋನ್ ತೋರಿಸಿದರು. ಆಂಟಿ ಎಂದೂ ಕಂಡಿರದ, ಅವರ ತಂಗಿಯ ಮಗಳೊಬ್ಬಳು ಫೇಸ್‌ಬುಕ್‌ನಲ್ಲಿ ಇವರನ್ನು ಹುಡುಕಿ ಮೆಸೇಜ್ ಹಾಕಿದ್ದಳು: ಅಜ್ಜ ತೀರಿಕೊಂಡು ಎರಡು ವರ್ಷವಾಯಿತು, ಅಜ್ಜಿ ಅದೇ ಮನೆಯಲ್ಲಿದ್ದಾರೆ. ಬನ್ನಿ ಎಂದಾಗಲಿ ಬೇಡ ಎಂದಾಗಲಿ ಬರೆದಿರಲಿಲ್ಲ. ಆ ಮೆಸೇಜ್ ಬಂದು ಒಂದು ತಿಂಗಳಾಗಿತ್ತು.

"ಹೋಗಿ ಬನ್ನಿ ಆಂಟಿ" ಎಂದೆ.

"ಬಾಗಿಲು ಮುಚ್ಚಿದ್ರೆ?"

ತಟ್ಟೆಯನ್ನು ನನ್ನತ್ತ ಸರಿಸಿ ಅವರೇ ಹೇಳಿದರು: "ಮುಚ್ಚಲಿ. ಬಾಗಿಲನ್ನಾದ್ರೂ ನೋಡ್ದಂಗಾಗುತ್ತೆ. ಬುಕ್ ಮಾಡು." ನನ್ನ ಫೋನಿನಲ್ಲೇ ಟಿಕೆಟ್ ಬುಕ್ ಮಾಡಿದೆ. ಒಬ್ಬಳೇ ಹೋಗುತ್ತೇನೆ ಎಂದು ಹಟ ಹಿಡಿದರು. ಚಾಂಗಿ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ, ವಾಪಸ್ ಬರುವ ದಿನ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ.

ಮೂರನೆಯ ದಿನ ವಿಡಿಯೋ ಕಾಲ್ ಬಂತು. ತೆರೆ ಪೂರ್ತಿ ಆಂಟಿಯ ನಗು.

"ಬಾಗಿಲು ತೆಗೆದ್ಲು. ನನ್ನನ್ನೇ ನೋಡಿದ್ಲು. ಒಂದು ಮಾತಾಡದೆ ತಿರುಗಿ ಒಳಗೆ ಹೋಗ್ಬಿಟ್ಲು. ಮುಗೀತು ಅನ್ಕೊಂಡು ಬ್ಯಾಗ್ ಎತ್ಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದ ಸದ್ದು!"

ಕ್ಯಾಮೆರಾ ತಿರುಗಿತು. ಕಪ್ಪು ತಲೆವಸ್ತ್ರ ಕಟ್ಟಿದ, ಬೆನ್ನು ಬಾಗಿದ ಅಜ್ಜಿ ಒಬ್ಬರು ಒಲೆಯ ಮುಂದೆ. ಮೇಜಿನ ಮೇಲೆ ಮೆಕ್ಕೆಜೋಳದ ರೊಟ್ಟಿ, ಅಕ್ಕಿ ತುಂಬಿ ಬೇಯಿಸಿದ ದೊಣ್ಣೆಮೆಣಸು, ಮೊಸರು ಹಾಕಿ ಓವನ್ನಿನಲ್ಲಿ ಕೆಂಪಗೆ ಬೇಯಿಸಿದ ಮಾಂಸ. ಆಂಟಿ ಮಾಡಿದ ಬ್ಯೂರೆಕ್ ತಿಂದ ಅಜ್ಜಿ, "ಇಷ್ಟು ಸಬ್ಬಸಿಗೆ ಯಾಕೆ, ಇದೇನು ಆಡಿಗೆ ಹಾಕೋ ಮೇವಾ?" ಎಂದು ಬೈದರಂತೆ. "ಇಪ್ಪತ್ತೆರಡು ವರ್ಷ ತಪ್ಪು ಮಾಡ್ತಿದ್ನಂತೆ ಕಣೇ!" ಎಂದು ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಿನವೂ ಫೋಟೋಗಳು ಬರುತ್ತಿದ್ದವು. ಎಲ್ಲವೂ ತಟ್ಟೆಗಳವೇ.

ಹನ್ನೆರಡನೆಯ ದಿನ ಬೆಳಿಗ್ಗೆ ಆಫೀಸಿಗೆಂದು ಬಾಗಿಲು ತೆರೆದೆ. ಅಂಕಲ್ ಎದುರಿಗೇ ನಿಂತಿದ್ದರು. ಒಂದು ಕಾಲಿಗೆ ಮಾತ್ರ ಶೂ ಇತ್ತು.

"ಹೋಗಿಬಿಟ್ಲು" ಎಂದರು.

"ಎಲ್ಲಿಗೆ ಅಂಕಲ್? ಫ್ಲೈಟ್ ಶನಿವಾರ ಅಲ್ವಾ?"

ಅವರು ಬಾಗಿಲಿನ ಚೌಕಟ್ಟಿಗೆ ಒರಗಿ ಇಲ್ಲವೆಂದು ತಲೆಯಾಡಿಸಿದರು. ಅರ್ಥವಾದ ಮೇಲೂ ನನ್ನ ಬಾಯಿ, "ಶನಿವಾರ ಅಲ್ವಾ, ನಾನೇ ಕರ್ಕೊಂಬರ್ತೀನಿ ಅಂದಿದ್ದೆ" ಎಂದು ಅದನ್ನೇ ಹೇಳುತ್ತಿತ್ತು. ಆಂಟಿ ಒಂದು ದಿನ ತಲೆನೋವೆಂದು ಮಲಗಿದ್ದನ್ನೂ ನಾನು ಕಂಡಿರಲಿಲ್ಲ. ಗಂಡ ಬಂದು ನನ್ನ ಭುಜ ಹಿಡಿದು, "ಒಳಗೆ ಬಾ, ಕೂತ್ಕೋ" ಎಂದದ್ದು ನೆನಪಿದೆ. ಟಿಕೆಟ್ ಬುಕ್ ಮಾಡಿದ ಫೋನು ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡಿರಲಾರದೆ ನೆಲದ ಮೇಲಿಟ್ಟೆ.

ಅಂಕಲ್ ಹೋಗಿ ಮಣ್ಣು ಮಾಡಿ ಬಂದರು. ಹದಿನೈದು ದಿನದ ಮೇಲೆ ಬ್ಲಾಕಿನ ನೆಲಮಟ್ಟದ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲು ಬೆಂಚಿನ ಮೇಲೆ ಸಿಕ್ಕರು. ನಾನು ಕೇಳಬೇಕೆಂದಿದ್ದು ಒಂದೇ: ನಾನು ಕಳಿಸದಿದ್ದರೆ ಬದುಕುತ್ತಿದ್ದರೇ? ಕೇಳುವ ಮೊದಲೇ ಅವರೇ ಹೇಳತೊಡಗಿದರು.

ಅಂದು ಮಧ್ಯಾಹ್ನ ಊಟ ಮುಗಿಸಿ ಆಂಟಿ ದಿವಾನದ ಮೇಲೆ ಒರಗಿದ್ದಾರೆ. ನಿದ್ದೆಯಲ್ಲೇ ಹೃದಯ ನಿಂತಿದೆ. ಯಾರೇನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಹೃದಯ ನಿಂತದ್ದು ಆ ಹೊತ್ತಿಗೆ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಅಜ್ಜಿ ಮಗಳಿಗೆ ಕಂಬಳಿ ಹೊದಿಸಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಸಂಜೆ ತಂಗಿ ಬಂದು ಕಾಫಿಗೆ ಎಬ್ಬಿಸುತ್ತೇನೆಂದರೆ ಬಿಡಲಿಲ್ಲ. ಜೊತೆಗೆ ಬಂದ ಮಕ್ಕಳು ಗಲಾಟೆ ಮಾಡಿದರೆ ತುಟಿಯ ಮೇಲೆ ಬೆರಳಿಟ್ಟು ಅಂಗಳಕ್ಕೆ ಅಟ್ಟಿದ್ದಾರೆ.

"ಎಬ್ಬಿಸ್ಬೇಡ್ರೇ, ಎಷ್ಟು ದೂರದಿಂದ ಬಂದಿದಾಳೆ, ಮಲಗಲಿ" ಎನ್ನುತ್ತ, ಬೆಳಕು ಇಳಿಯುವವರೆಗೂ ಅಲ್ಲಿಂದ ಏಳಲಿಲ್ಲವಂತೆ.