ಒಂದೇ ಅಂಚಿನ ಮೂರು ಸೀರೆ

ಕೆಲಸದ ಆರ್ಡರು ಬಂದಾಗ ನನ್ನ ಎರಡನೆಯ ಮಗುವಿಗೆ ಎಂಟು ತಿಂಗಳು. ಮೊದಲ ಹೆರಿಗೆಗೆ ಗೌರಿಬಿದನೂರಿನ ತವರಿಗೆ ಹೋಗಿದ್ದಾಗ ಯಾರೋ ಹೇಳಿದರೆಂದು ಒಂದು ಅರ್ಜಿ ಹಾಕಿದ್ದೆ. ಮದುವೆಗೆ ಮುಂಚೆಯೇ ಟೈಪಿಂಗ್ ಪರೀಕ್ಷೆ ಪಾಸಾಗಿತ್ತು. ಅರ್ಜಿಯ ವಿಷಯ ನನಗೇ ಮರೆತುಹೋಗಿತ್ತು. ಈಗ ನೋಡಿದರೆ ಚಿಕ್ಕಬಳ್ಳಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಸದ್ಯಕ್ಕೆ ಹಂಗಾಮಿ, ಆರು ತಿಂಗಳು ನೋಡಿ ಖಾಯಂ ಮಾಡುತ್ತಾರೆ ಎಂದು ಬರೆದಿತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ನಮ್ಮ ಮನೆ ಶಿಡ್ಲಘಟ್ಟದ ಊರಂಚಿನಲ್ಲಿತ್ತು. ಮುಂದುಗಡೆ ನಾವು ವಾಸ, ಹಿತ್ತಲಲ್ಲಿ ಹೆಂಚಿನ ಕೊಟ್ಟಿಗೆ. ಅಲ್ಲಿ ನಾಲ್ಕು ಒಲೆಗಳ ಮೇಲೆ ಬಿಸಿನೀರಿನ ಬಾನಿಗಳಲ್ಲಿ ರೇಷ್ಮೆಗೂಡು ಬೇಯಿಸಿ ಚರಕಕ್ಕೆ ನೂಲು ತೆಗೆಯುತ್ತಿದ್ದರು. ಆ ಕಸುಬನ್ನು ಮನೆಗೆ ತಂದವರು ನನ್ನ ಅತ್ತೆ. ಬೆಳೆದ ಗೂಡನ್ನೆಲ್ಲ ಯಾರಿಗೋ ಯಾಕೆ ಮಾರಬೇಕು, ನೂಲು ನಾವೇ ತೆಗೆಯೋಣ ಎಂದು ಮಾವನವರ ಹತ್ತಿರ ಹಟ ಹಿಡಿದು, ಮೊದಲ ಚರಕದ ಮುಂದೆ ತಾವೇ ಕುಳಿತವರು. ಅವರ ಬೆರಳ ತುದಿಗಳು ಬಿಸಿನೀರಿಗೆ ಬೆಂದು ಬೆಂದು ಬೆಳ್ಳಗೆ ಸುಕ್ಕಾಗಿದ್ದವು.

ನಾನು ಕೆಲಸಕ್ಕೆ ಹೋಗುವುದಕ್ಕೂ ಅವರೇ ಕಾರಣ. ಮಾವನವರೂ ನನ್ನ ಗಂಡನೂ ಎರಡು ದಿನ ಹೌದೋ ಅಲ್ಲವೋ ಎಂದು ಯೋಚಿಸುತ್ತ ಕುಳಿತಿದ್ದಾಗ ಅತ್ತೆ ಅಡುಗೆಮನೆಯಿಂದಲೇ, ಓದಿಸಿದ್ದು ಯಾಕೆ ಹಾಗಾದರೆ, ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ಹೋಗಲಿ ಎಂದುಬಿಟ್ಟರು. ಮುಂದೆ ನಡೆದದ್ದನ್ನು ನೆನೆಸಿಕೊಂಡಾಗೆಲ್ಲ ಈ ಮಾತು ಮೊದಲು ನೆನಪಾಗುತ್ತದೆ.

ನನ್ನ ಟ್ರಂಕಿನ ತುಂಬ ಸೀರೆಗಳಿದ್ದವು. ಎಲ್ಲವೂ ಮದುವೆಯಲ್ಲಿ ಬಂದ ರೇಷ್ಮೆ ಸೀರೆಗಳು, ಇಲ್ಲವಾದರೆ ಮನೆಗೆಲಸಕ್ಕೆ ಉಟ್ಟು ಅಂಚು ಹರಿದವು. ಮೊದಲ ವಾರ ರೇಷ್ಮೆಯನ್ನೇ ಉಟ್ಟು ಹೋದೆ. ಸೆರಗಿನ ಸರಿಗೆ ಟೈಪ್ ಮೆಷೀನಿನ ರೋಲರಿಗೆ ಸಿಕ್ಕಿಕೊಂಡು, ಸೆರಗನ್ನು ಬಿಡಿಸುವುದೋ ಕಾಗದವನ್ನು ಬಿಡಿಸುವುದೋ ತಿಳಿಯದೆ ಎಲ್ಲರೆದುರು ಒದ್ದಾಡಿದೆ. ಮಗು ಇನ್ನೂ ಹಾಲು ಕುಡಿಯುತ್ತಿತ್ತು. ಮಧ್ಯಾಹ್ನ ಎರಡಾಗುವ ಹೊತ್ತಿಗೆ ಎದೆ ಬಿಗಿದು ರವಿಕೆ ಒದ್ದೆಯಾಗುತ್ತಿತ್ತು. ಸೆರಗನ್ನು ಎರಡು ಸುತ್ತು ಹೊದ್ದು, ಸಂಜೆಯ ತನಕ ಮೊಣಕೈಯನ್ನು ಎದೆಗೆ ಒತ್ತಿಕೊಂಡೇ ಟೈಪು ಮಾಡುತ್ತಿದ್ದೆ.

ಆ ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು. ಪಕ್ಕದ ಮೇಜಿನವರು ಮೂರನೆಯ ದಿನವೇ ತಮ್ಮ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿಕೊಂಡರು. ಹೆಂಗಸಿನ ಪಕ್ಕ ಕೂರಲು ಸಂಕೋಚವಿರಬೇಕು ಎಂದುಕೊಂಡೆ. ಹಿಂದಿನ ಮೇಜಿನವರು ದಿನಾ ನಾನು ಬಂದು ಕುಳಿತ ಕೂಡಲೇ ಊದುಬತ್ತಿ ಹಚ್ಚುತ್ತಿದ್ದರು. ದೈವಭಕ್ತರು ಎಂದುಕೊಂಡೆ.

ಒಂದು ತಿಂಗಳಾದ ಮೇಲೆ ಹಿರಿಯ ಗುಮಾಸ್ತರು ನನ್ನನ್ನು ಪಡಸಾಲೆಗೆ ಕರೆದರು. ವಯಸ್ಸಾದವರು, ಒಳ್ಳೆಯವರು. ಕಣ್ಣಿಗೆ ಕಣ್ಣು ಕೊಡದೆ ಮಾತಾಡಿದರು.

"ತಪ್ಪು ತಿಳ್ಕೋಬೇಡಿಮ್ಮ. ನಿಮ್ಮ ಬಟ್ಟೇಲಿ ಬೆಂದ ಹುಳದ ವಾಸನೆ ಬರುತ್ತೆ. ಸಾಹೇಬ್ರು ಎರಡು ಸಲ ಕೇಳಿದ್ರು ನನ್ನ."

ಬೇಕಾದರೆ ಮೆಷೀನನ್ನು ಪಡಸಾಲೆಗೇ ಹಾಕಿಸುತ್ತೇನೆ ಎಂದೂ ಹೇಳಿದರು. ಆರು ತಿಂಗಳಿಗೆ ವರದಿ ಬರೆಯುವಾಗ ಇಂಥದ್ದೆಲ್ಲ ಅಡ್ಡ ಬರಬಾರದಲ್ಲ ಎಂದರು.

ಕಚೇರಿಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ನಿಂತು ಸೆರಗನ್ನು ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಹಿಡಿದೆ. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ನನಗೇ ಗೊತ್ತಾಗದ್ದನ್ನು ನಾನು ಹೇಗೆ ತೊಳೆಯಲಿ?

ಆದರೂ ತೊಳೆದೆ. ಅಂಟುವಾಳದಲ್ಲಿ ನೆನೆಸಿದೆ, ಸೀರೆಗಳ ನಡುವೆ ಕರ್ಪೂರ ಇಟ್ಟೆ, ಹಿತ್ತಲ ಹಗ್ಗ ಬಿಟ್ಟು ಬೀದಿ ಕಡೆಯ ಕಿಟಕಿಗೆ ಒಣಹಾಕಿದೆ. ಇದೇನು ಬೀದಿಗೆ ಸೀರೆ ಹಾಕ್ತೀಯ ಎಂದು ಅತ್ತೆ ಕೇಳಿದಾಗ, ಬಿಸಿಲು ಚೆನ್ನಾಗಿದೆ ಎಂದೆ. ನಿಜ ಹೇಳಲು ಬಾಯಿ ಬರಲಿಲ್ಲ. ಅನ್ನ ಕೊಡುವ ಒಲೆ ಅದು. ಬೆಂದ ಬೆರಳುಗಳಿಂದ ನನ್ನ ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದವರಿಗೆ, ನಿಮ್ಮ ಮನೆ ನಾರುತ್ತದಂತೆ ಎಂದು ಹೇಗೆ ಹೇಳುವುದು? ಕಚೇರಿಯಲ್ಲಿ ಊದುಬತ್ತಿ ಉರಿಯುತ್ತಲೇ ಇತ್ತು.

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಒಂದು ಓಣಿ. ಅಲ್ಲಿ ಒಬ್ಬ ಮುಸಲ್ಮಾನ ವಿಧವೆ ಮನೆಯಲ್ಲೇ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಓಣಿಯವರೆಲ್ಲ ಬೂಬಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹಾಲಿನ ತೊಂದರೆ ಹೇಳಿಕೊಂಡು ರವಿಕೆ ಹೊಲಿಸಲು ಹೋದವಳ ಅಳತೆ ತೆಗೆಯುತ್ತ ಅವರು ನನ್ನ ಭುಜದ ಹತ್ತಿರ ಮುಖ ತಂದು ನಿಂತುಬಿಟ್ಟರು.

"ಶಿಡ್ಲಘಟ್ಟಾನಾ? ನಮ್ಮ ಅಮ್ಮನ ಮನೇದೂ ಇದೇ ವಾಸನೆ."

ಅಲ್ಲೇ ಕುಳಿತು ಅತ್ತುಬಿಟ್ಟೆ. ಬೂಬಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು, ತಮಗೂ ಮದುವೆಯಾಗಿ ಈ ಊರಿಗೆ ಬಂದು ಒಂದು ವರ್ಷದ ಮೇಲೆ ತವರಿಗೆ ಹೋದಾಗಲೇ ಅಲ್ಲಿನ ವಾಸನೆ ಮೂಗಿಗೆ ಬಂದದ್ದು ಎಂದರು. ಎಷ್ಟು ತೊಳೆದರೂ ಆ ಮನೆಯೊಳಗಿರುವ ಬಟ್ಟೆಯಿಂದ ಅದು ಹೋಗುವುದಿಲ್ಲ. ಕಚೇರಿಯ ಬಟ್ಟೆ ಆ ಮನೆಗೆ ಹೋಗಲೇಬಾರದು. ಇಲ್ಲಿ ಇಡು, ಇಲ್ಲೇ ಉಟ್ಟುಕೋ ಎಂದರು.

ಏನೇನು ಬೇಕು ಎಂದೂ ಅವರೇ ಹೇಳಿದರು. ಹತ್ತಿನೂಲಿನ ಮೂರು ಸೀರೆ ಸಾಕು, ಆದರೆ ಮೂರಕ್ಕೂ ಅಂಚು ಒಂದೇ ಬಣ್ಣದ್ದಿರಬೇಕು. ಆಗ ರವಿಕೆ ಎರಡಿದ್ದರೂ ಯಾವುದಕ್ಕೆ ಯಾವುದು ಹಾಕಿಕೊಂಡರೂ ಹೊಂದುತ್ತದೆ, ಬೆಳಿಗ್ಗೆ ಹುಡುಕುತ್ತ ನಿಲ್ಲಬೇಕಾಗಿಲ್ಲ. ಮುಂದಿನ ಹಬ್ಬಕ್ಕೆ ತವರಿಗೆ ಹೋದಾಗ ನೇಕಾರರ ಮನೆಯಲ್ಲಿ ಆರಿಸಿ ತಂದೆ. ಒಂದು ಬೂದುನೀಲಿ, ಒಂದು ಕಾಫಿಬೀಜದ ಬಣ್ಣ, ಒಂದು ಎಳೆಹಸಿರು. ಮೂರಕ್ಕೂ ಎರಡು ಬೆರಳಗಲದ ದಾಳಿಂಬೆ ಕೆಂಪಿನ ಅಂಚು. ಸರಿಗೆ ಇಲ್ಲ. ಬೂಬಮ್ಮ ಅದೇ ಕೆಂಪಿನಲ್ಲಿ ಎರಡು ರವಿಕೆ ಹೊಲಿದರು. ಮುಂದೆ ಹುಕ್ಕು, ಎದೆಯ ಕಡೆ ದಪ್ಪ ಬಟ್ಟೆಯ ಒಳಪದರ, ತೋಳು ಮೊಣಕೈವರೆಗೆ. ಒಳಲಂಗಕ್ಕೆ ಒಂದು ಜೇಬನ್ನೂ ಇಟ್ಟರು. ನಾನು ಕೇಳಿರಲಿಲ್ಲ.

ಬಸ್ಸಿಳಿದು ಓಣಿಗೆ ಹೋಗಿ, ಕೈಕಾಲು ಮುಖ ತೊಳೆದು, ಸೀರೆ ಬದಲಿಸಿ ಕಚೇರಿಗೆ ಹೋಗುವುದು. ಸಂಜೆ ಮತ್ತೆ ಬದಲಿಸಿ ಬಸ್ ಹತ್ತುವುದು. ಎರಡನೆಯ ವಾರಕ್ಕೆ ಊದುಬತ್ತಿ ನಿಂತಿತು. ಕಿಟಕಿಯ ಹತ್ತಿರದ ಮೇಜು ಮಾತ್ರ ವಾಪಸು ಬರಲಿಲ್ಲ.

ಹೀಗೆ ಎರಡು ತಿಂಗಳು ನಡೆಯಿತು. ನಾಲ್ಕನೆಯ ತಿಂಗಳು ಮುಗಿಯುವ ಹೊತ್ತಿಗೆ ಮನೆಯಲ್ಲಿ ಏನೋ ಬದಲಾಯಿತು. ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ಬಾಗಿಲ ತನಕ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡತೊಡಗಿದರು. ಸಂಜೆ ಬಂದಾಗಲೂ ಹಾಗೇ. ಒಂದು ದಿನ ಟ್ರಂಕು ತೆಗೆದಾಗ ಸೀರೆಗಳ ಮಡಿಕೆ ನಾನಿಟ್ಟ ಹಾಗಿರಲಿಲ್ಲ. ಗಂಡ ಊಟಕ್ಕೆ ಕುಳಿತರೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ನೂಲು ತೆಗೆಯಲು ಬರುತ್ತಿದ್ದ ಒಬ್ಬ ಹೆಂಗಸು ಬಾವಿಯ ಹತ್ತಿರ ಮೆಲ್ಲಗೆ ಹೇಳಿದಳು. ಅತ್ತೆಯ ತಮ್ಮ, ಅಂದರೆ ನನ್ನ ಗಂಡನ ಸೋದರಮಾವ, ಗೂಡಿನ ವ್ಯಾಪಾರಕ್ಕೆ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದರು. ಬಸ್ಸಿನಲ್ಲಿ ಹಳದಿ ಸೀರೆಯಲ್ಲಿದ್ದವಳು ಅರ್ಧ ಗಂಟೆಯಾದ ಮೇಲೆ ನೀಲಿ ಸೀರೆಯಲ್ಲಿ ಓಣಿಯಿಂದ ಬಂದದ್ದನ್ನು ಕಣ್ಣಾರೆ ಕಂಡರಂತೆ. ಯಾರ ಮನೆ, ಯಾಕೆ ಬಟ್ಟೆ ಬದಲಿಸುತ್ತಾಳೆ, ವಿಚಾರಿಸಿ ಅಕ್ಕ ಎಂದು ಹೇಳಿ ಹೋಗಿದ್ದರಂತೆ.

ನನ್ನ ಕೈಯಲ್ಲಿದ್ದ ಬಿಂದಿಗೆ ಕಟ್ಟೆಗೆ ತಗುಲಿ ಸೊಟ್ಟಗಾಯಿತು. ಸೀರೆ ಬದಲಿಸುವ ಹೆಂಗಸಿನ ಬಗ್ಗೆ ಜನ ಏನೆಂದುಕೊಳ್ಳುತ್ತಾರೆ ಎಂದು ಆ ತನಕ ನನಗೆ ಹೊಳೆದೇ ಇರಲಿಲ್ಲ. ಮೂಗಿನ ಬಗ್ಗೆ ಮಾತ್ರ ಯೋಚಿಸಿದ್ದೆ.

ಗಂಡನಿಗೆ ಹೇಳಬೇಕೆಂದು ಎರಡು ದಿನ ಹವಣಿಸಿದೆ. ಮೂರನೆಯ ದಿನ ಬೆಳಿಗ್ಗೆ ನಾನು ಹೊರಟಾಗ ಅತ್ತೆಯೂ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿ ನಿಂತಿದ್ದರು. ಹಲ್ಲು ನೋವು, ಚಿಕ್ಕಬಳ್ಳಾಪುರದಲ್ಲಿ ತೋರಿಸಬೇಕು ಎಂದರು. ಮಕ್ಕಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿಯಾಗಿತ್ತು. ಅಂದೇ ಕೋಲಾರದಿಂದ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ನನ್ನ ಆರು ತಿಂಗಳ ವರದಿ ಮುಂದೆ ಅವರ ಹತ್ತಿರವೇ ಹೋಗಬೇಕಾಗಿತ್ತು.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತೆವು. ನೇರ ಕಚೇರಿಗೆ ಹೋಗಿಬಿಡಲೇ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹಾಗೆ ಹೋದರೆ ಮೇಲಧಿಕಾರಿಗಳ ಮುಂದೆ ಅದೇ ವಾಸನೆಯಲ್ಲಿ ನಿಲ್ಲಬೇಕು. ಓಣಿಗೆ ಹೋದರೆ ಅತ್ತೆಗೆ ಎಲ್ಲ ಹೇಳಬೇಕು. ಬಸ್ಸಿಳಿದ ಮೇಲೆ, ದಂತವೈದ್ಯರ ಮನೆ ಆ ಕಡೆ ಇದೆ ಅತ್ತೆ ಎಂದೆ.

"ಹಲ್ಲಿಗೇನಾಗಿಲ್ಲ ಕಣಮ್ಮ. ನೀನೆಲ್ಲಿಗೆ ಹೋಗ್ತೀಯೋ ನಾನೂ ಅಲ್ಲಿಗೇ ಬರ್ತೀನಿ, ನಡಿ."

ಓಣಿಗೇ ಕರೆದುಕೊಂಡು ಹೋದೆ. ಬಾಗಿಲು ತೆಗೆದ ಬೂಬಮ್ಮ ನನ್ನ ಮುಖ ನೋಡಿ, ಹಿಂದೆ ನಿಂತವರನ್ನು ನೋಡಿ ದಾರಿ ಬಿಟ್ಟರು. ಒಳಕೋಣೆಯ ಹಗ್ಗದ ಮೇಲೆ ಮೂರು ಸೀರೆಗಳೂ ಇದ್ದವು. ಅತ್ತೆ ಸುತ್ತ ಕಣ್ಣಾಡಿಸಿದರು. ಹೊಲಿಗೆ ಮೆಷೀನು, ಚಿಂದಿಯ ರಾಶಿ, ಒಂದು ಹಳೆಯ ಮಂಚ. ಗಂಡಸರ ಒಂದು ಚಪ್ಪಲಿಯೂ ಆ ಮನೆಯಲ್ಲಿರಲಿಲ್ಲ. ಅವರ ಭುಜ ಸ್ವಲ್ಪ ಇಳಿದದ್ದನ್ನು ಕಂಡೆ.

"ಮತ್ತೆ ಯಾಕೆ?" ಎಂದರು.

ನನಗೆ ಸುಳ್ಳು ಹೇಳಲು ಇನ್ನೂ ಅವಕಾಶವಿತ್ತು. ಹಾಲಿನಿಂದ ಬಟ್ಟೆ ಒದ್ದೆಯಾಗುತ್ತದೆ, ಅದಕ್ಕೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಯಾಕೋ ಆಗಲಿಲ್ಲ.

"ನಮ್ಮನೆ ವಾಸನೆ ಅತ್ತೆ. ಬೆಂದ ಹುಳದ ವಾಸನೆ. ಕಚೇರೀಲಿ ಪಕ್ಕ ಯಾರೂ ಕೂರ್ತಿರಲಿಲ್ಲ."

ಅತ್ತೆ ತಮ್ಮ ಸೆರಗಿನ ತುದಿಯನ್ನು ಎತ್ತಿ ಮೂಗಿಗೆ ಹಿಡಿದರು. ಅದನ್ನು ಇಳಿಸಿ, ಬೂಬಮ್ಮನವರ ಕಡೆ ತಿರುಗಿ, ನಿಮಗೆ ಬರ್ತಿದೆಯಾ ಎಂದು ಕೇಳಿದರು. ಬೂಬಮ್ಮ ನೆಲ ನೋಡಿದರು. ಅತ್ತೆಗೆ ಉತ್ತರ ಸಿಕ್ಕಿತು. ಕುಡಿಯಲು ನೀರು ಕೊಟ್ಟರೆ ಬೇಡವೆಂದು ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತರು.

ನಾನು ಸೀರೆ ಬದಲಿಸಹೋದರೆ ನೆರಿಗೆ ನಿಲ್ಲಲಿಲ್ಲ. ಬೂಬಮ್ಮನೇ ಮಂಡಿಯೂರಿ ನೆರಿಗೆ ಹಿಡಿದು ಸಿಕ್ಕಿಸಿದರು. ಹೊರಗೆ ಬಂದರೆ ಜಗಲಿ ಖಾಲಿ. ಹಿಂದೆ ಓಡುವಷ್ಟು ಹೊತ್ತಿರಲಿಲ್ಲ. ಅತ್ತೆಗೆ ಓದಲು ಬರುತ್ತಿರಲಿಲ್ಲ, ಸರಿಯಾದ ಬಸ್ಸು ಹತ್ತಿದರೋ ಇಲ್ಲವೋ ಎಂಬ ಆತಂಕದಲ್ಲೇ ಕಚೇರಿಯ ಮೆಟ್ಟಿಲು ಹತ್ತಿದೆ.

ಆ ದಿನ ಎರಡು ಸಲ ಕಾರ್ಬನ್ ತಿರುಗಾಮುರುಗಾ ಹಾಕಿದೆ. ಒಂದು ಪಟ್ಟಿಯನ್ನು ಪೂರ್ತಿ ಮತ್ತೆ ಹೊಡೆಯಬೇಕಾಯಿತು. ಮೇಲಧಿಕಾರಿಗಳು ನನ್ನ ಮೇಜಿನ ಪಕ್ಕ ಬಂದು ನಿಂತು, ಕಾಗದವನ್ನು ಕೈಗೆ ತೆಗೆದುಕೊಂಡು, ಎಷ್ಟು ತಿಂಗಳಾಯಿತು ಎಂದಷ್ಟೇ ಕೇಳಿ ಮುಂದೆ ಹೋದರು.

ಸಂಜೆ ಮನೆ ತಲುಪಿದಾಗ ನಡುಮನೆಯಲ್ಲಿ ಸೋದರಮಾವ ಕುಳಿತಿದ್ದರು. ಗಂಡ ಕಂಬಕ್ಕೆ ಒರಗಿ ನಿಂತಿದ್ದರು. ಅತ್ತೆ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಅಡುಗೆಮನೆಯಿಂದ ಬಂದರು. ತಮ್ಮ ಇನ್ನೂ ಬಾಯಿ ತೆರೆಯುವ ಮೊದಲೇ ಹೇಳಿದರು:

"ನಾನೇ ಹೋಗಿ ನೋಡ್ಕೊಂಡು ಬಂದಿದ್ದೀನಿ ಕಣೋ. ಹೊಲಿಗೆ ಮಾಡೋ ಹೆಂಗಸಿನ ಮನೆ. ಇನ್ನು ಆ ಮಾತು ಈ ಮನೇಲಿ ಬೇಡ."

ಮಗುವನ್ನು ನನ್ನ ತೋಳಿಗೆ ಹಾಕಿ ಹಿತ್ತಲಿಗೆ ಹೋದರು. ನನ್ನ ಮುಖ ನೋಡಲಿಲ್ಲ. ಆಮೇಲೆ ಎಂಟು ಹತ್ತು ದಿನ ಬೇಕಾದದ್ದಕ್ಕಷ್ಟೇ ಮಾತಾಡಿದರು. ಬೆಳಿಗ್ಗೆ ಬುತ್ತಿ ಕಟ್ಟಿಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಗಂಡ ಒಮ್ಮೆ, ನನಗಾದರೂ ಹೇಳಬಹುದಿತ್ತು ಎಂದರು. ಹೇಳಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

ಕೆಲಸ ಖಾಯಂ ಆಯಿತು. ಆ ಮೂರು ಸೀರೆಗಳನ್ನು ನಾಲ್ಕು ವರ್ಷ ಉಟ್ಟೆ. ಎಳೆಹಸಿರು ಮೊದಲು ಸವೆಯಿತು, ಅದರ ಜಾಗಕ್ಕೆ ಅದೇ ಕೆಂಪು ಅಂಚಿನ ಇನ್ನೊಂದು ಬಂತು. ಬೂಬಮ್ಮ ಬಾಡಿಗೆ ಎಂದು ಏನನ್ನೂ ಮುಟ್ಟಲಿಲ್ಲ. ಯುಗಾದಿಗೆ ನಮ್ಮ ಮನೆಯ ಒಬ್ಬಟ್ಟು ತೆಗೆದುಕೊಂಡು ಹೋಗುತ್ತಿದ್ದೆ. ಅದನ್ನು ಕಟ್ಟಿಕೊಡುತ್ತಿದ್ದವರು ಅತ್ತೆಯೇ.

ಕೆಲಸ ಖಾಯಂ ಆದ ಎರಡು ವರ್ಷದ ಮೇಲೆ ಚಿಂತಾಮಣಿಯಲ್ಲಿ ನಾದಿನಿಯ ಮನೆಯಲ್ಲಿ ಅವಳ ಮಗುವಿನ ನಾಮಕರಣ. ಅವರದು ಜವಳಿ ಅಂಗಡಿಯವರ ಮನೆತನ, ಬಂದ ಹೆಂಗಸರೆಲ್ಲ ಜಮಖಾನದ ಮೇಲೆ ಕುಳಿತಿದ್ದರು. ತೊಟ್ಟಿಲು ತೂಗಲು ಅಜ್ಜಿಯನ್ನು ಕರೆದರೆ ಅತ್ತೆ ಕಾಣಲಿಲ್ಲ. ಹುಡುಕಿದರೆ ಹಿಂಬಾಗಿಲ ಹೊರಗೆ ಕಲ್ಲುಚಪ್ಪಡಿಯ ಮೇಲೆ ಗಾಳಿಗೆ ಮುಖ ಮಾಡಿ ಕುಳಿತಿದ್ದರು. ಉಟ್ಟಿದ್ದದ್ದು ತಮ್ಮ ಒಳ್ಳೆಯ ರೇಷ್ಮೆ ಸೀರೆ. ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿ ಕೇಳಿದರು.

"ವಾಸನೆ ಬರ್ತಿದೆಯಾ ನೋಡಮ್ಮ."

"ಇಲ್ಲ ಅತ್ತೆ."

"ನಿನಗೆ ಹೆಂಗೆ ಗೊತ್ತಾಗುತ್ತೆ, ನೀನೂ ಅದೇ ಮನೇಲಿರೋಳು."

ಸೋದರಮಾವನಿಗೆ ಅಷ್ಟು ಗಟ್ಟಿಯಾಗಿ ಹೇಳಿ ಕಳಿಸಿದ್ದ ಹೆಂಗಸು ಅವರು. ನಾನೇ ಹೋಗಿ ನಾದಿನಿಯನ್ನು ಕರೆತಂದೆ. ಅವಳು ಮಗುವನ್ನು ಎತ್ತಿಕೊಂಡೇ ಬಂದು ಅಮ್ಮನ ಮಡಿಲಲ್ಲಿ ಹಾಕಿದಳು. ಎಲ್ಲರೂ ಕಾಯುತ್ತಿದ್ದಾರೆ ಎಂದಳು. ಅತ್ತೆ ಒಳಗೆ ಬಂದು ತೊಟ್ಟಿಲು ತೂಗಿದರು, ಆದರೆ ಊಟಕ್ಕೆ ಕೊನೆಯ ಪಂಕ್ತಿಯ ತನಕ ಏಳಲಿಲ್ಲ. ನಾನೂ ಕಾದೆ. ಇಬ್ಬರೂ ಬಾಳೆಲೆಯ ಮುಂದೆ ಕುಳಿತಾಗ ಕೋಸಂಬರಿ ಮುಗಿದುಹೋಗಿತ್ತು.